ವಿದ್ಯೆಯ ಒಡೆತನ ಯಾರದು?

ಅನ್ನವನ್ನು ಹಂಚಿದರೆ ಕಣಜವು ಕರಗುತ್ತದೆ. ವಿದ್ಯೆಯನ್ನು ಹಂಚಿದರೆ ಅದು ಬೆಳೆಯುತ್ತದೆ. ಈ ಮಾತನ್ನು ಅರಿಯದವರಿಲ್ಲ. ಆದರೂ ಕರಗುವ ಅನ್ನಕ್ಕೆ ದಾಸೋಹದ ಮನೆಗಳು ಹುಟ್ಟಿದಷ್ಟು, ಕರಗದ ವಿದ್ಯೆಗೆ ಹುಟ್ಟಲಿಲ್ಲ. ವಿದ್ಯೆಯ ಬಾಗಿಲಿಗೇ ಬೀಗಗಳು ಹೆಚ್ಚಾಗಿವೆ. ಈ ವೈಪರೀತ್ಯವು ವಿಚಾರಣೀಯವಾದುದು.

ಘಟಪ್ರಭೆಯ ದಡದ ಅನಗವಾಡಿ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಈ ಸೀಮೆಯು ಮೊದಲು ವಿಜಾಪುರ ಜಿಲ್ಲೆಯೊಡನೆ ಒಂದೇ ಬಾಳ್ವೆಯಾಗಿ ಬೆಳೆದುದು. ಇಲ್ಲಿಯ ಹಳೆಯ ಮನೆಗಳಲ್ಲಿ ತಾಡೋಲೆಯ ಕಟ್ಟುಗಳು ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲಿರುತ್ತಿದ್ದವು. ಅವುಗಳಿಗೆ ವಿಭೂತಿ ಪತ್ರೆಗಳು ಸಲ್ಲುತ್ತಿದ್ದವು. ಓದುವ ಕಣ್ಣು ಮಾತ್ರ ಸಲ್ಲುತ್ತಿರಲಿಲ್ಲ. ಭಕ್ತಿಯಲ್ಲಿ ಕೊರತೆಯಿರಲಿಲ್ಲ; ಆದರೆ ಭಕ್ತಿಯು ಹುಳುವನ್ನು ತಡೆಯಲಾರದು.

ರಬಕವಿ-ಬನಹಟ್ಟಿಯ ಕಡೆ ಇಂಥ ಓಲೆಗಳನ್ನು ಕಂಡು ಬೆರಗಾದವರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಹಿಡಿದಿದ್ದ ಅವರು, ಊರೂರು ತಿರುಗಿ ಓಲೆಗಳನ್ನು ಕೂಡಿಸಿದರು. ಪ್ರತಿಯೊಡನೆ ಪ್ರತಿಯನ್ನು ಹೋಲಿಸಿ ಪಾಠವನ್ನು ತಿದ್ದಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವು ಹೊರಬಂದಿತು. ಅಚ್ಚಿನ ಕಾರ್ಯವು ಪರಾಧೀನವಾಗಬಾರದೆಂದು 1925ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಓಲೆಗಳನ್ನು ತಮ್ಮ ಪೆಟ್ಟಿಗೆಯಲ್ಲಿಯೇ ಇರಿಸಿಕೊಂಡಿದ್ದರೆ, ಅವನ್ನು ಬಲ್ಲ ಏಕಮಾತ್ರ ಪಂಡಿತರೆಂದು ಮೆರೆಯಬಹುದಾಗಿತ್ತು. ಅವರು ಹಾಗೆ ಮಾಡದೆ ಮನೆಯನ್ನೇ ಕಳೆದುಕೊಂಡರು; ನಾಡು ವಚನಗಳನ್ನು ಪಡೆಯಿತು. 1964ರಲ್ಲಿ ಅವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿತು. ಈಗ ವಚನಗಳು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ.

ಆದರೆ ಇಂದಿನ ವಿದ್ವತ್‌ಪ್ರಪಂಚದ ನಡೆಯೇನು? ವಿದ್ವಾಂಸನು ವಿಶ್ವವಿದ್ಯಾಲಯದ ಸಂಬಳದಿಂದ ಬದುಕಿ ಲೇಖನವನ್ನು ಬರೆಯುತ್ತಾನೆ. ಸಾಮಾನ್ಯವಾಗಿ ಪ್ರತಿಫಲವಿಲ್ಲದೆ ಅದನ್ನು ಪತ್ರಿಕೆಗೆ ಒಪ್ಪಿಸುತ್ತಾನೆ. ಬೇರೆ ವಿದ್ವಾಂಸರು ಪ್ರತಿಫಲವಿಲ್ಲದೆಯೇ ಅದನ್ನು ಪರೀಕ್ಷಿಸುತ್ತಾರೆ. ಬಳಿಕ ಪ್ರಕಾಶಕನು ಅದನ್ನೇ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ಬೆಲೆಗೆ ಮಾರುತ್ತಾನೆ. ಕಬ್ಬಿನ ರೋಗವನ್ನು ಕುರಿತ ಸಂಶೋಧನೆಗೆ ತೆರಿಗೆಯನ್ನಿತ್ತ ಮುಧೋಳದ ರೈತನು ಅದರ ಫಲವನ್ನು ಓದಬೇಕಾದರೆ ಮತ್ತೊಮ್ಮೆ ಹಣ ತೆರಬೇಕಾಗುತ್ತದೆ.

ಕೇಂದ್ರ ಸರ್ಕಾರವು 2024ರ ನವೆಂಬರದಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಇದು ಉಪಕಾರವೇ ಹೌದು. ಆದರೆ ಆ ಸಂಸ್ಥೆಗಳ ಪಟ್ಟಿಗೆ ಸೇರದ ಗೃಹಸ್ಥನು ಹೊರಗೇ ಉಳಿದನು. ಪಂಕ್ತಿಯು ದೊಡ್ಡದಾಯಿತು, ಬಾಗಿಲ ಕಾವಲು ತಪ್ಪಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು: ‘ಪ್ರಕಾಶನಕ್ಕೆ ವೆಚ್ಚವಿಲ್ಲವೇ? ತಿದ್ದುವವನ, ಅಚ್ಚು ಜೋಡಿಸುವವನ ಹೊಟ್ಟೆ ತುಂಬುವುದು ಹೇಗೆ?’ ಈ ಪ್ರಶ್ನೆಯು ನ್ಯಾಯವಾದುದು. ಕಾಯಕಕ್ಕೆ ತಕ್ಕ ಪ್ರತಿಫಲ ಸಲ್ಲಲೇಬೇಕು. ದಾಸೋಹವೆಂದರೆ ವೆಚ್ಚವಿಲ್ಲದ ಊಟವಲ್ಲ. ಉಣ್ಣುವವನು ಬರುವ ಮೊದಲೇ ಉಳ್ಳವರು ವೆಚ್ಚವನ್ನು ಹೊತ್ತಿರುವ ಊಟ.

2002ರ ಬುಡಾಪೆಸ್ಟ್ ಘೋಷಣೆಯು ವಿದ್ವತ್‌ಲೇಖನಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರಬೇಕೆಂದು ಸಾರಿತು. ಬಾಗಿಲು ಕೆಲಮಟ್ಟಿಗೆ ತೆರೆದುದು ನಿಜ. ಆದರೆ ಅನೇಕ ಪತ್ರಿಕೆಗಳು ಓದುಗನಿಂದ ಬಿಟ್ಟ ಹಣವನ್ನು ಲೇಖಕನಿಂದ ಕೇಳತೊಡಗಿದವು. ಕೆಲವೆಡೆ ಒಂದು ಲೇಖನಕ್ಕೆ ಲಕ್ಷಗಟ್ಟಲೆ ರೂಪಾಯಿ. ಮೊದಲು ಬಡವನ ಕಿವಿ ಮುಚ್ಚಿತ್ತು. ಈಗ ಬಡವನ ಬಾಯಿ ಮುಚ್ಚಿತು. ಹಣವಿತ್ತರೆ ಏನನ್ನಾದರೂ ಅಚ್ಚು ಹಾಕುವ ಕಪಟ ಪತ್ರಿಕೆಗಳೂ ಹುಟ್ಟಿಕೊಂಡವು. ಆದುದರಿಂದ ಭಾರವು ಉಣ್ಣುವವನ ಮೇಲೂ ಬೀಳಬಾರದು, ಅಡುಗೆ ಮಾಡುವವನ ಮೇಲೂ ಬೀಳಬಾರದು. ವಿಶ್ವವಿದ್ಯಾಲಯ, ಸರ್ಕಾರ, ಮಠ, ಧನಿಕ ಎಂಬ ಸಮುದಾಯವೇ ಅದನ್ನು ಹೊರಬೇಕು. ನಮ್ಮ ದೇಶದ ಶೋಧಗಂಗಾ ಭಂಡಾರದಲ್ಲಿ ಪಿಎಚ್.ಡಿ. ಪ್ರಬಂಧಗಳನ್ನು ಯಾರೂ ಶುಲ್ಕವಿಲ್ಲದೆ ಓದಬಹುದು. ಈ ಮಾರ್ಗವು ಅಸಾಧ್ಯವಲ್ಲವೆಂಬುದಕ್ಕೆ ಅದು ಸಾಕ್ಷಿ.

‘ಎಲ್ಲರ ಕೈಗೆ ಸಿಕ್ಕಿದರೆ ಗ್ರಂಥವು ಕೆಡುವುದಿಲ್ಲವೇ?’ ಎಂಬ ಭಯವೂ ಕೆಲವರಲ್ಲುಂಟು. ಅಪಾರ್ಥ ಮಾಡುವವರು ಇದ್ದೇ ಇರುವರು. ಆದರೆ ಮುಚ್ಚಿಟ್ಟ ಗ್ರಂಥದ ತಪ್ಪನ್ನು ತಿದ್ದುವವರಾರು? ಹಲವು ಓಲೆಗಳನ್ನು ಎದುರೆದುರಿಗಿಟ್ಟು ನೋಡಿದುದರಿಂದಲ್ಲವೇ ಶುದ್ಧಪಾಠವು ದೊರೆತುದು? ಹಲವು ಕಣ್ಣುಗಳೇ ಗ್ರಂಥಕ್ಕೆ ರಕ್ಷೆ.

ಗೃಹಸ್ಥರಿಗೂ ಇಲ್ಲಿ ಕರ್ತವ್ಯವಿದೆ. ಮನೆಯ ಜಗಲಿಯಲ್ಲಿ ಓಲೆಯ ಕಟ್ಟಿದ್ದರೆ ಬಲ್ಲವರಿಂದ ಅದರ ಛಾಯಾಪ್ರತಿಯನ್ನು ತೆಗೆಸಬೇಕು. ಓಲೆ ಜಗಲಿಯಲ್ಲಿಯೇ ಇರಲಿ, ಅಕ್ಷರವು ಲೋಕಕ್ಕೆ ಹೋಗಲಿ. ಹಿರಿಯರ ಸ್ಮರಣೆಗೆಂದು ಗ್ರಂಥಮುದ್ರಣಕ್ಕೆ ಹಣವೀಯುವವರು, ಆ ಗ್ರಂಥವು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರಬೇಕೆಂದು ಮೊದಲೇ ಕೇಳಿಕೊಳ್ಳಬೇಕು. ಹಳಕಟ್ಟಿಯವರು ಮನೆಯನ್ನು ಮಾರಿದರು. ಇಂದಿನವರು ಮನೆಯನ್ನು ಮಾರಬೇಕಾಗಿಲ್ಲ; ಪೆಟ್ಟಿಗೆಯ ಬೀಗವನ್ನು ತೆಗೆದರೆ ಸಾಕು.