ಶಾಲೆಯ ಆಯ್ಕೆ: ತಂದೆತಾಯಿಯ ಪ್ರೀತಿ ಮತ್ತು ಜನಾಂಗಗಳ ನಡುವಿನ ನ್ಯಾಯ

ತಂದೆತಾಯಿ ತಮ್ಮ ಮಗುವಿಗೆ ಒಳ್ಳೆಯ ಶಾಲೆ ಹುಡುಕುವುದನ್ನು ಯಾರೂ ತಪ್ಪೆನ್ನುವುದಿಲ್ಲ, ಹುಡುಕದಿದ್ದರೆ ತಪ್ಪೆನ್ನುತ್ತಾರೆ. ಆದರೆ ಜನಾಂಗಭೇದ ಬೇರೂರಿದ ಸಮಾಜದಲ್ಲಿ ಸಾವಿರಾರು ಮನೆಗಳ ಇಂಥ ಹುಡುಕಾಟವೇ ಒಟ್ಟುಗೂಡಿ ಇತರರ ಮಕ್ಕಳಿಗೆ ಅನ್ಯಾಯವಾದಾಗ ಹೊಣೆ ಯಾರದೆಂಬುದು ನೀತಿಶಾಸ್ತ್ರದ ಕಠಿಣ ಪ್ರಶ್ನೆ. ಅಮೆರಿಕದಲ್ಲಿ ಅದು ಬರಿಯ ತರ್ಕದ ಮಟ್ಟದಲ್ಲಿ ಉಳಿದಿಲ್ಲ.

ಬಿಳಿಯ ಮತ್ತು ಕಪ್ಪು ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಮರುವರ್ಷ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ಶಿಕ್ಷಣದ ಹಣವನ್ನು ಸರ್ಕಾರ ವೋಚರ್ ರೂಪದಲ್ಲಿ ಪೋಷಕರಿಗೇ ಕೊಡಲಿ, ಶಾಲೆಯನ್ನು ಅವರೇ ಆರಿಸಿಕೊಳ್ಳಲಿ ಎಂದು ವಾದಿಸಿದರು. ಪ್ರತ್ಯೇಕತೆಯನ್ನು ಅವರು ಒಪ್ಪುತ್ತಿರಲಿಲ್ಲ. ಬಲವಂತಕ್ಕಿಂತ ಮನವೊಲಿಕೆಯಿಂದ ಅದು ಹೋಗಬೇಕೆಂದು ನಂಬಿದ್ದರು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ನಡೆದದ್ದೇ ಬೇರೆ. ಎರಡೂ ಜನಾಂಗದ ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು ಅಲ್ಲಿನ ಆಡಳಿತ 1959ರಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು; ಮುಂದೆ ಅದರ ಶುಲ್ಕಕ್ಕೆ ಸರ್ಕಾರಿ ಅನುದಾನವೂ ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಹೆಚ್ಚಿನವರಿಗೆ ನಾಲ್ಕು ವರ್ಷ ಶಾಲೆಯೇ ಇರಲಿಲ್ಲ. 1964ರ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪಿನ ನಂತರವೇ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಿತು. ಅಕ್ಷರ ಕಲಿಯಬೇಕಾದ ಆ ವರ್ಷಗಳನ್ನು ಯಾವ ತೀರ್ಪೂ ಮರಳಿ ಕೊಡಲಾರದು.

ಇಂದು ಭೇದ ಇಷ್ಟು ಬಹಿರಂಗವಾಗಿಲ್ಲ. ಅಮೆರಿಕದ ಸರ್ಕಾರಿ ಶಾಲೆಯ ಪ್ರವೇಶ ಸಾಮಾನ್ಯವಾಗಿ ಮನೆಯ ವಿಳಾಸದ ಮೇಲೆ ನಿಂತಿದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಹಾಗಾಗಿ ಅನೇಕರಿಗೆ ಮನೆ ಕೊಳ್ಳುವುದೆಂದರೆ ಶಾಲೆಯನ್ನೂ ಕೊಂಡಂತೆ. ದಶಕಗಳ ಕಾಲ ಕಪ್ಪು ಬಡಾವಣೆಗಳಿಗೆ ಗೃಹಸಾಲ ನಿರಾಕರಿಸಿದ ದೇಶದಲ್ಲಿ ಈ ಆಯ್ಕೆ ಎಲ್ಲರಿಗೂ ಸಮನಾಗಿ ಎಟುಕದು. ಬಡಾವಣೆಗಳು ಜನಾಂಗವಾರು ಬೇರೆಯಾಗಲು ದ್ವೇಷವೇ ಬೇಕೆಂದೂ ಇಲ್ಲ. ನೆರೆಹೊರೆಯಲ್ಲಿ ತನ್ನವರು ತೀರಾ ಕಡಿಮೆಯಾಗದಿರಲಿ ಎಂಬ ಸೌಮ್ಯ ಬಯಕೆಯೊಂದೇ ಬಡಾವಣೆಗಳನ್ನು ಬೇರ್ಪಡಿಸಬಲ್ಲದು ಎಂದು ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1971ರಲ್ಲಿ ಸರಳ ಮಾದರಿಯೊಂದರಿಂದ ತೋರಿಸಿದರು. ಒಬ್ಬೊಬ್ಬರ ಮನಸ್ಸಿನಲ್ಲಿ ತಪ್ಪು ಹುಡುಕುವ ನೀತಿವಿಚಾರ ಇಲ್ಲಿ ಸಾಲದು.

ಬೇರ್ಪಟ್ಟ ಶಾಲೆಗಳನ್ನು ಕೂಡಿಸುವ ಯತ್ನವೂ ಮಕ್ಕಳಿಗೆ ಹಗುರವಾಗಿರಲಿಲ್ಲ. 1957ರಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೈನಿಕರ ಕಾವಲಿನಲ್ಲಿ ಬಿಳಿಯರ ಪ್ರೌಢಶಾಲೆಗೆ ಹೋಗಬೇಕಾಯಿತು. ಹಿರಿಯರ ಹೋರಾಟದ ಭಾರವನ್ನು ಮಕ್ಕಳ ಮೇಲೆ ಹೊರಿಸುವುದು ಸರಿಯೇ ಎಂದು ಚಿಂತಕಿ ಹನ್ನಾ ಅರೆಂಟ್ 1959ರಲ್ಲಿ ಕೇಳಿದರು. ವರ್ಣದ್ವೇಷದ ನಡುವೆ ಬಾಳಬೇಕಾದ ಮಗು ಭಯವನ್ನು ಎದುರಿಸಲು ಕಲಿಯಲೇಬೇಕು, ಆ ವಿದ್ಯಾರ್ಥಿಗಳ ತಂದೆತಾಯಿಗೆ ಅದು ತಿಳಿದಿತ್ತು ಎಂಬುದು ಕಾದಂಬರಿಕಾರ ರಾಲ್ಫ್ ಎಲಿಸನ್ ಅವರ ಉತ್ತರ. ಮಕ್ಕಳನ್ನು ಕಳಿಸಿದವರ ತ್ಯಾಗದ ಅರ್ಥ ತನಗೆ ಹೊಳೆದಿರಲಿಲ್ಲವೆಂದು ಅರೆಂಟ್ 1965ರಲ್ಲಿ ಎಲಿಸನ್‌ಗೆ ಪತ್ರ ಬರೆದು ಒಪ್ಪಿಕೊಂಡರು. ಆದರೂ ಅವರ ಪ್ರಶ್ನೆಯ ಒಂದಂಶ ಉಳಿಯುತ್ತದೆ: ಒಟ್ಟಿಗೆ ಕಲಿಯುವುದರ ಬೆಲೆ ತೆತ್ತವರು ಹೆಚ್ಚಾಗಿ ಕಪ್ಪು ಮಕ್ಕಳೇ. ಮಗುವನ್ನು ಅವಮಾನಿಸುವ ಮಿಶ್ರ ಶಾಲೆಗಿಂತ ಆದರದಿಂದ ಕಲಿಸುವ ಪ್ರತ್ಯೇಕ ಶಾಲೆ ಲೇಸೆಂದು ಕಪ್ಪು ಚಿಂತಕ ಡು ಬೋಯಿಸ್ 1935ರಷ್ಟು ಹಿಂದೆಯೇ ವಾದಿಸಿದ್ದರು. ಕಪ್ಪು ಕುಟುಂಬವೊಂದು ತನ್ನವರ ಶಾಲೆಯನ್ನು ಆರಿಸುವುದನ್ನೂ ಬಿಳಿಯ ಕುಟುಂಬವೊಂದು ಮಿಶ್ರ ಶಾಲೆ ಬಿಟ್ಟು ಹೋಗುವುದನ್ನೂ ಒಂದೇ ಎನ್ನಲಾಗದು. ಮೊದಲನೆಯದು ಮಗುವಿನ ಮಾನ ಕಾಯುತ್ತದೆ. ಎರಡನೆಯದು ಬಹುಪಾಲು ಮೇಲುಗೈಯನ್ನು ಕಾಯುತ್ತದೆ.

ಹಾಗಾದರೆ ಪ್ರೀತಿಗೆ ಮಿತಿ ಎಲ್ಲಿ? ರಾಜಕೀಯ ತತ್ತ್ವಚಿಂತಕರಾದ ಹ್ಯಾರಿ ಬ್ರಿಗ್‌ಹೌಸ್ ಮತ್ತು ಆಡಂ ಸ್ವಿಫ್ಟ್ 2014ರ ಕೃತಿಯಲ್ಲಿ ಗೆರೆಯೊಂದನ್ನು ಎಳೆದಿದ್ದಾರೆ. ಮಲಗುವ ಮುನ್ನ ಕಥೆ ಓದಿ ಹೇಳುವುದೂ ಮಗುವಿಗೆ ಮುನ್ನಡೆ ಕೊಡುತ್ತದೆ, ದುಬಾರಿ ಶಾಲೆಯೂ ಕೊಡುತ್ತದೆ. ಕಥೆ ತಂದೆತಾಯಿ ಮತ್ತು ಮಗುವಿನ ಸಂಬಂಧದ ಜೀವಾಳ, ಅದನ್ನು ತಡೆಯುವಂತಿಲ್ಲ. ದುಬಾರಿ ಶಾಲೆ ಇಲ್ಲದೆಯೂ ಪ್ರೀತಿ ಪೂರ್ಣವಾಗಿರಬಲ್ಲದು, ಆದ್ದರಿಂದ ಪ್ರೀತಿಯ ಹೆಸರಿನಲ್ಲಿ ಅದನ್ನು ಹಕ್ಕೆಂದು ಕೇಳಲಾಗದು. ಈ ಗೆರೆ ಸರಿಯಾದದ್ದೇ. ಕಲಿಸಲಾರದ ಶಾಲೆಯಿಂದ ಮಗುವನ್ನು ಬಿಡಿಸುವುದು ಮಾತ್ರ ಬೇರೆ ವಿಷಯ. ಅದಕ್ಕಾಗಿ ತಾಯಿಯೊಬ್ಬಳನ್ನು ದೂರುವುದು ಕ್ರೌರ್ಯ.

ಉಳಿದ ಹೊಣೆ ಸಾರ್ವಜನಿಕ ಸಂಸ್ಥೆಗಳದು. ಮಗುವಿನ ಜನಾಂಗವನ್ನೇ ನೋಡಿ ಶಾಲೆ ಹಂಚುವುದಕ್ಕೆ ಸುಪ್ರೀಂ ಕೋರ್ಟ್ 2007ರಲ್ಲಿ ಕಟ್ಟುನಿಟ್ಟಿನ ಮಿತಿ ಹಾಕಿತು. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಹಿಡಿದ ದಾರಿ ಬೇರೆ: ಪೋಷಕರು ತಮ್ಮ ಇಷ್ಟದ ಶಾಲೆಗಳನ್ನು ಅನುಕ್ರಮವಾಗಿ ಬರೆದುಕೊಡುತ್ತಾರೆ, ನಗರದ ಶಾಲಾ ಆಡಳಿತ ಪ್ರತಿ ಪುಟ್ಟ ವಸತಿಪ್ರದೇಶದ ಆದಾಯ, ಹಿರಿಯರ ವಿದ್ಯಾಭ್ಯಾಸ ಹಾಗೂ ಜನಾಂಗಗಳ ಮಿಶ್ರಣವನ್ನು ಲೆಕ್ಕಕ್ಕೆ ತೆಗೆದುಕೊಂಡು ಮಕ್ಕಳನ್ನು ಹಂಚುತ್ತದೆ. ಪೋಷಕರ ಇಚ್ಛೆ ಅಲ್ಲಿ ಅರ್ಜಿಯಾಗುತ್ತದೆ, ಕೊನೆಯ ಮಾತಾಗುವುದಿಲ್ಲ.