ಬಡಿಸುವ ಕೈಗಾಗಿ ಬೇಡಿಕೆ

ತಾಯಿ ಅನ್ನಪೂರ್ಣೆ, ಯುದ್ಧದಲ್ಲಿ ಗುಂಡು ತಗುಲದೆ ಉಳಿದ ಮಕ್ಕಳ ಪರವಾಗಿ ನಿನ್ನ ಮುಂದೆ ನಿಂತಿದ್ದೇನೆ. ಬದುಕಿಕೊಂಡರಲ್ಲ ಎಂದು ಲೋಕ ಅವರನ್ನು ಮರೆತುಬಿಡುತ್ತದೆ. ನೀನು ಮರೆಯಬೇಡ.

ಜರ್ಮನ್ ಸೇನೆಯ ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡ್‌ನಲ್ಲಿ 1941ರ ಚಳಿಗಾಲದಲ್ಲಿ ಮಗುವಿನ ಪಾಲಿಗೆ ಬಂದದ್ದು ದಿನಕ್ಕೆ 125 ಗ್ರಾಂ ಬ್ರೆಡ್ಡು. ಅದಕ್ಕೂ ಮರದ ನಾರು ಬೆರೆಸಿದ್ದರು. ಮುಂದಿನ ವರ್ಷದ ಮೊದಲರ್ಧದಲ್ಲಿ ಹುಟ್ಟಿದ ಕೂಸುಗಳ ತೂಕ ಸರಾಸರಿ ಅರ್ಧ ಕಿಲೋಗಿಂತ ಹೆಚ್ಚು ಇಳಿದಿತ್ತು. ಹೊಟ್ಟೆಗಿಲ್ಲದ ಮೈ ಇದ್ದಬದ್ದದ್ದನ್ನು ಮಿದುಳಿಗೆ, ಹೃದಯಕ್ಕೆ ಕೊಟ್ಟು, ಎಲುಬು ಉದ್ದವಾಗುವ ಕೆಲಸವನ್ನು ನಿಲ್ಲಿಸುತ್ತದೆ. ಉಣ್ಣಲು ಸಿಕ್ಕರೆ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಬಸಿರಲ್ಲಿ, ಮೊದಲೆರಡು ವರ್ಷಗಳಲ್ಲಿ ಕಳೆದುಕೊಂಡದ್ದು ಪೂರ್ತಿ ಮರಳಿ ಸಿಗುವುದು ಕಷ್ಟ.

ಇಷ್ಟೇ ಆಗಿದ್ದರೆ ಅನ್ನ ಕೊಡು ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಆದರೆ ಯುದ್ಧ ಮುಗಿದ ಜರ್ಮನಿಯಲ್ಲಿ, 1948ರಲ್ಲಿ, ಎಲ್ಸಿ ವಿಡೋಸನ್ ಎಂಬ ಬ್ರಿಟಿಷ್ ವಿಜ್ಞಾನಿ ಎರಡು ಅನಾಥಾಲಯಗಳ ಮಕ್ಕಳನ್ನು ಹದಿನೈದು ದಿನಕ್ಕೊಮ್ಮೆ ತೂಗಿಸಿದರು. ಮೊದಲ ಆರು ತಿಂಗಳು ಎರಡೂ ಕಡೆ ಪಡಿತರದ ಊಟವಷ್ಟೇ. ಆಮೇಲೆ ಒಂದು ಕಡೆಯ ಮಕ್ಕಳಿಗೆ ಬೇಕಾದಷ್ಟು ಬ್ರೆಡ್ಡು, ಜೊತೆಗೆ ಜ್ಯಾಮು, ಕಿತ್ತಳೆ ರಸ. ಆ ಮಕ್ಕಳೇ ಹೆಚ್ಚು ಮೈ ತುಂಬಿಕೊಳ್ಳಬೇಕಿತ್ತು. ಆಗಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಆಲಯದಿಂದ ಮೇಲ್ವಿಚಾರಕಿಯೊಬ್ಬರು ಅಲ್ಲಿಗೆ ವರ್ಗವಾಗಿ ಬಂದಿದ್ದರು. ಆಕೆ ಮಕ್ಕಳನ್ನು ಗದರಲು ಆರಿಸಿಕೊಳ್ಳುತ್ತಿದ್ದದ್ದು ಊಟದ ಹೊತ್ತನ್ನೇ. ಎಲ್ಲರೆದುರು ಒಬ್ಬೊಬ್ಬರನ್ನು ಬೈದು ಮುಗಿಸುವಷ್ಟರಲ್ಲಿ ಸೂಪು ಆರಿರುತ್ತಿತ್ತು, ಮಕ್ಕಳು ನಡುಗುತ್ತಿದ್ದರು. ಆಕೆ ಬಿಟ್ಟುಬಂದ ಆಲಯದ ಮಕ್ಕಳೋ, ಹಳೆಯ ಪಡಿತರದಲ್ಲೇ, ಚೆನ್ನಾಗಿ ತೂಕ ಏರಿಸಿಕೊಂಡರು. ಆಕೆಯ ಅಚ್ಚುಮೆಚ್ಚಿನ ಎಂಟು ಮಕ್ಕಳು ಮಾತ್ರ ಎಲ್ಲಿದ್ದರೂ ಬೆಳೆದರು.

ಆ ಹೆಂಗಸನ್ನೂ ಕ್ಷಮಿಸು ತಾಯಿ. ಯುದ್ಧ ಆಕೆಯ ಮನೆಯಿಂದ ಏನನ್ನು ಹೊತ್ತೊಯ್ದಿತ್ತೋ ನನಗೆ ತಿಳಿಯದು.

ಇವತ್ತು ಗಾಜಾದ ಡೇರೆಗಳಿಗೆ, ಸುಡಾನಿನ ಶಿಬಿರಗಳಿಗೆ ಹಿಟ್ಟಿನ ಮೂಟೆ ಹೊತ್ತ ಲಾರಿಗಳನ್ನು ತಲುಪಿಸು. ದಾರಿ ಕಟ್ಟಿ ನಿಂತವರ ಮನಸ್ಸು ಕರಗಿಸು. ಬಸುರಿಯರಿಗೆ ಮೊದಲು ಬಡಿಸು. ಸೌಟು ಹಿಡಿದವರು ಸೋತು ಸಿಡುಕಾದಾಗ ಅವರಿಗೊಂದು ರಾತ್ರಿಯ ನಿದ್ದೆ ಕೊಡು. ಮಗು ತಟ್ಟೆ ಮುಂದೆ ಕೂತಾಗ ಯಾರಾದರೊಬ್ಬರು ಪಕ್ಕದಲ್ಲಿ ಕೂತು, "ಇನ್ನೊಂದು ತುತ್ತು ತಿನ್ನು ಕಂದಾ" ಎನ್ನುವಂತೆ ಮಾಡು.