ಹಡೆದವರೂ ಸಾಕಿದವರೂ

ದಾಸೋಹದಲ್ಲಿ ಅನ್ನವನ್ನಿತ್ತವನು ಉಂಡವನ ಮೇಲೆ ಒಡೆತನವನ್ನು ಪಡೆಯುವನೇ? ಇಲ್ಲವೆಂದು ಯಾವ ಭಕ್ತನೂ ಉತ್ತರಿಸುವನು. ಮಾಡಿದೆನೆಂಬ ಅಹಂಭಾವವು ಸುಳಿದೊಡನೆ ಮಾಡಿದ ಸೇವೆ ಕೆಡುವುದೆಂದು ಬಸವಣ್ಣನವರು ಎಚ್ಚರಿಸಿರುವುದು ಸರ್ವವಿದಿತ. ಆದರೆ ಪರರ ಕೂಸನ್ನು ಬೆಳೆಸಿದವರಿಗೆ ಈ ಉತ್ತರ ಅಷ್ಟು ಸುಲಭವಾಗಿ ಬಾಯಿಗೆ ಬಾರದು.

ಮಳೆ ಕೈಕೊಟ್ಟಾಗ ತುಳಸಿಗೇರಿ, ಬಾದಾಮಿ, ಹುನಗುಂದಗಳ ಸೀಮೆಯಿಂದ ಅನೇಕ ದಂಪತಿಗಳು ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುತ್ತಾರೆ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಅಜ್ಜಿಯ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ಬಿಡುವರು. ತಿಂಗಳುಗಳು ಕಳೆದು ತಾಯಿ ಜಾತ್ರೆಗೆ ಬಂದರೆ ಕೂಸು ಅಜ್ಜಿಯ ಸೆರಗಿನ ಹಿಂದೆ ಅಡಗುವುದು. ತಾಯಿಗೆ ನೋವು, ಅಜ್ಜಿಗೋ, ಒಳಗೊಳಗೇ ಒಂದು ಗೆಲುವು. ಈ ಗೆಲುವೇ ಇಲ್ಲಿ ವಿಚಾರಣೀಯವಾದುದು.

ಸಾಕಿದವರಿಗೆ ಮಮತೆ ಹುಟ್ಟಬಾರದೆನ್ನುವುದು ಕ್ರೌರ್ಯ. ಮಮತೆಯಿಲ್ಲದೆ ಕೂಸು ಬೆಳೆಯದು. ಆದರೆ "ನಿಮ್ಮವ್ವ ನಿನ್ನ ಬಿಟ್ಟು ಹೋದಳು" ಎಂಬ ಒಂದೇ ಮಾತು ವರುಷಗಳ ಸೇವೆಯನ್ನು ಅಳಿಸಬಲ್ಲದು. "ನಿನ್ನ ಸಾಲಿಗಾಗಿಯೇ ದುಡಿಯಾಕ ಹೋಗ್ಯಾಳ" ಎಂದರೆ ಎರಡು ಮನೆಗಳೂ ಮಗುವಿಗೆ ತನ್ನವಾಗಿ ಉಳಿಯುವವು. ಹುಟ್ಟಿದೊಡನೆ ಕೂಸಿಗೆ ಲಿಂಗಧಾರಣೆಯಾಗುವುದು. ಲಿಂಗವಂತನಾದ ಆ ಜೀವ ಹಡೆದವರ ಸೊತ್ತೂ ಅಲ್ಲ, ಸಾಕಿದವರ ಸೊತ್ತೂ ಅಲ್ಲ.

ಹಡೆದವರ ಹೊಣೆಯೂ ಹಗುರವಲ್ಲ. ಹಣ ಕಳುಹಿಸಿದೆವೆಂದು ವೃದ್ಧೆಯನ್ನು ಆಳಿನಂತೆ ಕಾಣುವುದು, ನಾಲ್ಕು ದಿನಕ್ಕೆಂದು ಬಂದು ಆಕೆ ಕಲಿಸಿದ ನಡೆಯನ್ನು ಮಗುವಿನೆದುರು ಹಳಿಯುವುದು ಅವಿವೇಕ. ಶಾಲೆ, ಔಷಧ, ದಂಡನೆ ಇವುಗಳ ಮಾತನ್ನು ಹಿರಿಯರು ಮೊದಲು ತಮ್ಮೊಳಗೆ ಆಡಿಕೊಂಡು, ಬಳಿಕ ಮಗುವಿಗೆ ಒಂದೇ ನುಡಿಯನ್ನು ಹೇಳತಕ್ಕದ್ದು. ದೂರವಾಣಿ ಕೈಯಲ್ಲಿರುವ ಈ ಕಾಲದಲ್ಲಿ ದೂರದ ನೆಪ ಸಲ್ಲದು.

ಸರಕಾರದ ನೇಮವೂ ಇದೇ ಹಾದಿಯದು. 2015ರ ಬಾಲನ್ಯಾಯ ಕಾಯಿದೆಯ 44ನೆಯ ಕಲಮಿನಂತೆ, ಪೋಷಕ ಕುಟುಂಬಕ್ಕೆ ಒಪ್ಪಿಸಿದ ಮಗುವನ್ನು ಹೆತ್ತವರು ಆಗಾಗ ಕಾಣಲು ಮಕ್ಕಳ ಕಲ್ಯಾಣ ಸಮಿತಿ ಅನುಮತಿ ಕೊಡಬಹುದು. ಮಗುವಿಗೆ ಹಿತವಲ್ಲವೆಂದು ತೋರಿದರೆ ತಡೆಯಬಹುದು. ಹೆತ್ತವರು ಸಮರ್ಥರಾದಾಗ ಮಗು ಮನೆಗೆ ಮರಳಬಹುದು. ಆದರೆ ಮನೆಯವರೇ ಮಾತಾಡಿಕೊಂಡು ಅಜ್ಜಿಯ ಬಳಿ ಬಿಟ್ಟ ಮಗುವಿನ ಮೇಲೆ ಸಮಿತಿಯ ಕಣ್ಣಿರುವುದು ವಿರಳ; ಅಲ್ಲಿ ಹಿರಿಯರ ಮನಸ್ಸಾಕ್ಷಿಯೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಕಠಿಣವಾದುದು ಮರಳಿ ಕರೆದೊಯ್ಯುವ ದಿನ. ಬಂದ ದಿನವೇ ಎತ್ತಿಕೊಂಡು ಹೊರಡುವುದು ಕೂಸಿಗೂ ಅಜ್ಜಿಗೂ ಅನ್ಯಾಯ. ಮೊದಲು ರಜೆಯಲ್ಲಿ ಕೆಲದಿನ ಕರೆದೊಯ್ದು ರೂಢಿ ಮಾಡಿಸಲಿ. ಆಮೇಲೆಯೂ ಜಾತ್ರೆಗೆ ಬಂದಾಗ ಮಗು ಅಜ್ಜಿಯ ಮನೆಯಲ್ಲಿಯೇ ಇಳಿಯಲಿ.